ತೇವಾಂಶ ಕಳೆದು ಎಂಬತ್ತೊಂಬತ್ತು

ಗಂಗಾವತಿಯ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಪ್ರಭುರಾಜ ತೂಕದ ಮನುಷ್ಯ ಎಂದು ಯಾರಾದರೂ ಅಂದರೆ ಮೊದಲೆಲ್ಲ ಅವನಿಗೆ ಖುಷಿಯಾಗುತ್ತಿತ್ತು. ಭತ್ತದ ದಲಾಲಿ ಅಂಗಡಿ, ಹಣೆಗೆ ಮೂರು ಬೆರಳು ವಿಭೂತಿ, ಬಾಯಿ ತೆರೆದರೆ ನಾಲ್ಕು ಜನ ತಲೆಯಾಡಿಸುವ ಗತ್ತು. ಮೂರು ತಿಂಗಳಿಂದ ಮಾತ್ರ ಅದೇ ಮಾತು ಕಿವಿಗೆ ಬಿದ್ದರೆ ಅವನ ಕೈ ತಾನಾಗಿಯೇ ಅಂಗಿಯ ಅಂಚನ್ನು ಹಿಡಿದು ಹೊಟ್ಟೆಯ ಮೇಲಿಂದ ಕೆಳಗೆ ಎಳೆಯುತ್ತಿತ್ತು.

ಕಾರಣ ಅವನೇ ಮಾಡಿದ ಒಂದು ಕಾಯ್ದೆ.

ಹಿಂದಿನ ವರ್ಷ ಊರ ಹೊರಗಿನ ಗೂಗಿ ಗುಡ್ಡದಲ್ಲಿ ಯಾರೋ ಒಬ್ಬ ಕಾಲು ಮುರಿದುಕೊಂಡು ಮೂರು ತಾಸು ಬಂಡೆಯ ಮೇಲೆ ಒಣಗಿದ್ದ. ನೋಡಲು ಬಂದವರು ಇನ್ನೂರು ಜನ, ವಿಡಿಯೊ ತೆಗೆದವರು ನೂರೈವತ್ತು, ಇಳಿಸುವುದು ಹೇಗೆಂದು ಬಲ್ಲವರು ಯಾರೂ ಇಲ್ಲ. ಆ ನಾಚಿಕೆಯಲ್ಲಿ ಹುಟ್ಟಿದ್ದು ಗಟ್ಟಿಮುಟ್ಟು ಬಳಗ. ನಸುಕಿನಲ್ಲಿ ನಡಿಗೆ, ರವಿವಾರ ಪ್ರಥಮ ಚಿಕಿತ್ಸೆಯ ಪಾಠ, ಆಗಾಗ ಒಂದು ಗುಡ್ಡ. ಪಾಠ ಹೇಳುವವಳು ಶಾಂತಕ್ಕ. ಯಲಬುರ್ಗಾ, ಕುಷ್ಟಗಿ, ತಾವರಗೇರಾ ಎಂದು ಊರೂರು ಸುತ್ತಿ ಮೂವತ್ತು ವರ್ಷ ನರ್ಸ್ ಕೆಲಸ ಮಾಡಿ ನಿವೃತ್ತಳಾದ ಹೆಂಗಸು. ಅವಳ ಮಾತಿಗಿಂತ ಅವಳ ಇಂಜೆಕ್ಷನ್ ಮೆತ್ತಗೆ ಎಂಬ ಹೆಸರಿತ್ತು. ಕ್ಯಾಪ್ಟನ್ ಪ್ರಭುರಾಜ. ಆರಿಸಿದವರು ಯಾರೆಂದು ಕೇಳಬಾರದು. ಸೀಟಿ ಕೊಂಡು ತಂದವನು ಅವನು, ಆದ್ದರಿಂದ ಸೀಟೂ ಅವನದೇ ಆಯಿತು.

ಸ್ಟ್ರೆಚರ್ ಕೂಡ ಗಂಜಿನ ಮಾಲಿನಿಂದಲೇ ತಯಾರಾಗಿತ್ತು. ಎರಡು ಗೋಣಿಚೀಲಗಳ ತಳದ ಮೂಲೆ ಕತ್ತರಿಸಿ, ಎರಡು ಬಿದಿರಿನ ಗಳ ತೂರಿಸಿದರೆ ಮುಗಿಯಿತು. ಪ್ರತಿ ರವಿವಾರ ಅದರ ಮೇಲೆ ರೋಗಿಯಾಗಿ ಮಲಗುವವನು ಕಾಲೇಜಿನ ಇತಿಹಾಸದ ಮಾಸ್ತರ ರುದ್ರೇಶ. ಐವತ್ತೆರಡು ಕೆಜಿ, ಅದರಲ್ಲಿ ಒಂದು ಕೆಜಿ ಕನ್ನಡಕ. ಅವನನ್ನು ಎತ್ತಿದರೆ ಎತ್ತಿದವರಿಗೆ ತಾವು ಪೈಲ್ವಾನರೆಂದು ಅನಿಸುತ್ತಿತ್ತು. ಅವನಿಗೆ ಇನ್ನೊಂದು ಗುಣವಿತ್ತು: ಪ್ರತಿವಾರ ಒಬ್ಬೊಬ್ಬರ ದನಿಯಲ್ಲಿ ನರಳುತ್ತಿದ್ದ. ಒಂದು ವಾರ ಕಾಲೇಜಿನ ಪ್ರಿನ್ಸಿಪಾಲರು ನರಳುವ ಹಾಗೆ, ಇನ್ನೊಂದು ವಾರ ಕುಷ್ಟಗಿ ಬಸ್ಸಿನ ಕಂಡಕ್ಟರ್ "ಮುಂದ ಸರೀರಿ, ಒಳಗ ಜಾಗಾ ಭಾಳ ಐತಿ" ಎಂದು ಪ್ರಾಣ ಬಿಡುವ ಹಾಗೆ. ಪ್ರಭುರಾಜನ ದನಿ ಬಂದ ವಾರ ಮಾತ್ರ ಹೊತ್ತವರು ನಕ್ಕು ರೋಗಿಯನ್ನು ನೆಲಕ್ಕೆ ಬಿಟ್ಟಿದ್ದರು.

ಈ ಬಳಗಕ್ಕೆ ಯಂಕೇಶ ಸೇರಲು ಬಂದ. ಅಲ್ಲಿಂದ ಶುರುವಾಯಿತು.

ಯಂಕೇಶನದು ಪ್ರಭುರಾಜನ ಎದುರಂಗಡಿ. ಅವನೂ ಭತ್ತ, ಇವನೂ ಭತ್ತ. ನಡುವೆ ಇಪ್ಪತ್ತು ಅಡಿ ರಸ್ತೆ, ಇಪ್ಪತ್ತು ವರ್ಷದ ಉರಿ. ಕನಕಗಿರಿಯ ಒಂದು ಮದುವೆಯಲ್ಲಿ ಪ್ರಭುರಾಜ ಕೂತ ಪ್ಲಾಸ್ಟಿಕ್ ಕುರ್ಚಿ ನಾಲ್ಕೂ ಕಾಲು ಚಾಚಿ ಶರಣಾಗಿತ್ತು. ಯಂಕೇಶ ಅದನ್ನು ಗಂಜಿನಲ್ಲಿ ಒಂದು ತಿಂಗಳು ಅಭಿನಯಸಮೇತ ಹೇಳಿದ್ದ. ಕುರ್ಚಿಯ ಪಾತ್ರವನ್ನೂ ತಾನೇ ಮಾಡುತ್ತಿದ್ದ.

"ಅಂಥಾವ ನಮ್ಮ ಬಳಗಕ್ಕ ಬ್ಯಾಡ" ಎನ್ನಲು ಪ್ರಭುರಾಜನಿಗೆ ಒಂದು ನೆಪ ಬೇಕಾಗಿತ್ತು. ಆ ವಾರವೇ ಶಾಂತಕ್ಕ ಪಾಠದ ನಡುವೆ, "ಆ ಗುಡ್ಡದ ಬಂಡಿಗಲ್ಲಿನ ಮ್ಯಾಲ ನಾಕು ಮಂದಿ ಹೊತ್ತು ಇಳಿಸಬೇಕಂದ್ರ ತೊಂಬತ್ತು ಕೆಜಿ ಕಡೀದು. ಅದರ ಮ್ಯಾಲಾದ್ರ ಆರು ಮಂದಿ ಬೇಕು, ದಾರೀನೂ ಬ್ಯಾರೆ ಹಿಡೀಬೇಕು" ಅಂದಳು. ಪ್ರಭುರಾಜ ಮೊದಲರ್ಧ ಹಿಡಿದುಕೊಂಡ, ಉಳಿದರ್ಧ ಬಿಟ್ಟ. ಮರುದಿನವೇ ಅಂಗಡಿಯ ಮುಂದಿನ ಹಲಗೆಯಲ್ಲಿ ಕಾಯ್ದೆ ಬಂತು: ತೊಂಬತ್ತು ಕೆಜಿ ಮೀರಿದವರಿಗೆ ಗುಡ್ಡವಿಲ್ಲ. ತೂಕ ನೋಡುವುದು ಅಂಗಡಿಯ ಕಾಟಾದ ಮೇಲೆ, ಎಲ್ಲರೆದುರು.

ಯಂಕೇಶ ಚಪ್ಪಲಿ ಬಿಟ್ಟು ಕಾಟಾ ಹತ್ತಿದ. ಹಮಾಲರ ಮೇಸ್ತ್ರಿ ತಾಹೇರ ಗಟ್ಟಿಯಾಗಿ ಓದಿದ: "ತೊಂಬತ್ತೊಂದೂವರಿ."

"ಒಂದೂವರಿ ಕೆಜಿ ಏನ್ರೀ, ನೀರು ಕುಡದ್ರ ಬರ್ತೈತಿ" ಅಂದ ಯಂಕೇಶ.

"ಕಾಯ್ದಿ ಅಂದ್ರ ಕಾಯ್ದಿ" ಅಂದ ಪ್ರಭುರಾಜ.

ಯಂಕೇಶ ಚಪ್ಪಲಿ ಮೆಟ್ಟಿಕೊಂಡು ಹೋದ. ಆ ದಿನ ಪ್ರಭುರಾಜ ಎಲ್ಲರಿಗೂ ಚಹಾ ಹೇಳಿದ, ತಾನು ಮಿರ್ಚಿ ಭಜಿ ತರಿಸಿಕೊಂಡ. ತನ್ನ ತೂಕದ ಚಿಂತೆ ಅವನಿಗೆ ಇರಲೇ ಇಲ್ಲ. ತನ್ನ ಮದುವೆಯ ವರ್ಷ ಎಪ್ಪತ್ತೆಂಟು ಕೆಜಿ ಇದ್ದ. ಮನಸ್ಸಿನಲ್ಲಿ ಇಂದಿಗೂ ಎಪ್ಪತ್ತೆಂಟೇ.

ಮರುದಿನ ಬೆಳಿಗ್ಗೆ, ಇನ್ನೂ ಯಾರೂ ಬರುವ ಮೊದಲು, ಸುಮ್ಮನೆ ಒಮ್ಮೆ ಕಾಟಾ ಹತ್ತಿದ.

"ತಾಹೇರ, ಈ ಕಾಟಾ ಕೆಟ್ಟೈತಲ್ಲೋ."

"ಮೊನ್ನೆರ ಸರಕಾರದ ಮುದ್ರಿ ಹೊಡಿಸ್ಕೊಂಡು ಬಂದೀವಲ್ರೀ ಸಾವ್ಕಾರ್ರ. ನೂರಾ ನಾಕು. ಸರಿಯಾಗಿ ತೋರಸ್ತೈತಿ."

ಪ್ರಭುರಾಜ ಇಳಿದ, ಮತ್ತೆ ಹತ್ತಿದ, ಒಂದು ಕಾಲು ಎತ್ತಿ ನಿಂತ. ನೂರಾ ನಾಲ್ಕು ಕದಲಲಿಲ್ಲ. ಎದುರಂಗಡಿಯ ಶಟರ್ ಎತ್ತುವ ಸದ್ದು ಕೇಳಿಸಿತು. ಇದೇನಾದರೂ ರಸ್ತೆ ದಾಟಿತೋ, ಕ್ಯಾಪ್ಟನ್‌ಗಿರಿ ಹೋಗುವುದಿರಲಿ, ಯಂಕೇಶ ತಾನು ಸಾಯುವವರೆಗೆ ಹೇಳಿ, ಸತ್ತ ಮೇಲೆ ಹೇಳಲು ಮಕ್ಕಳಿಗೆ ಕಲಿಸಿ ಹೋಗುತ್ತಾನೆ. ಪ್ರಭುರಾಜನ ತಲೆ ಇಪ್ಪತ್ತು ವರ್ಷದಿಂದ ರೈತರ ಭತ್ತದ ತೂಕ ಕಳೆದ ರೂಢಿಯ ದಾರಿ ಹಿಡಿಯಿತು.

"ಚೀಲದ ತೂಕ ಕಳೀಲಿಲ್ಲಲ್ಲೋ ನೀ?"

"ಯಾವ ಚೀಲರೀ?"

"ಇದು" ಎಂದು ಪ್ರಭುರಾಜ ಅಂಗಿ ಹಿಡಿದು ತೋರಿಸಿದ. "ಪ್ಯಾಂಟು, ಬೆಲ್ಟು, ಬೂಟು, ಎರಡು ಮೊಬೈಲು, ಗೋದಾಮಿನ ಕೀಲಿ ಗೊಂಚಲಾ. ಮೂರು ಕೆಜಿ ಹಿಡಿ."

"ಹಿಡದೇನ್ರೀ."

"ಆಮ್ಯಾಲ ತೇವಾಂಶ. ಹಸಿ ಭತ್ತಕ್ಕ ಕಳಿತೀವೋ ಇಲ್ಲೋ? ಮನಷ್ಯಾನ ಮೈಯಾಗ ಮುಕ್ಕಾಲು ಭಾಗ ನೀರ ಇರ್ತೈತಿ. ನಾ ಸೈನ್ಸ್ ಓದೇನಿ."

ತಾಹೇರ ಬೆರಳು ಮಡಚಿ ಲೆಕ್ಕ ಹಾಕಿದ. "ಮುಕ್ಕಾಲು ಕಳದ್ರ ಇಪ್ಪತ್ತಾರು ಕೆಜಿ ಉಳಿತೀರಿ ಸಾವ್ಕಾರ್ರ. ನಿಮ್ಮನ್ನ ಸಾಲ್ಯಾಗ ಎರಡನೇತ್ತಿಗೆ ಹಚ್ಚಬೇಕಾಗ್ತೈತಿ."

"ಪೂರಾ ಕಳೀ ಅಂದ್ನೇನು? ಹತ್ತು ಕಳಿ."

"ಹತ್ತು. ತೊಂಬತ್ತೊಂದು ಆತ್ರೀ. ಇನ್ನೂ ಒಂದು ಮ್ಯಾಲೈತಿ."

"ಕಸಾ ಎರಡು."

"ಮೈಯಾಗ ಕಸಾ ಎಲ್ಲಿ ಬಂತ್ರೀ?"

ಪ್ರಭುರಾಜ ತಲೆ ಸವರಿಕೊಂಡ. "ಕೂದಲಾ" ಅಂದ.

ಊರ ಭತ್ತಕ್ಕೆ ಕಳೆದು ಕಳೆದು ಪಳಗಿದ ಕೈ, ಮೊದಲ ಸಲ ತನಗೇ ಕಳೆದುಕೊಂಡಿತು. ತಾಹೇರ ಯಜಮಾನನ ಮುಖ ನೋಡಿದ, ಕಾಟಾ ನೋಡಿದ, ಅಲ್ಲಾಹನಿಗೆ ಕಾಣದ ಹಾಗೆ ಆಚೆ ತಿರುಗಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: ಪ್ರಭುರಾಜ, ಎಂಬತ್ತೊಂಬತ್ತು.

ಅಂದಿನಿಂದ ಪ್ರಭುರಾಜ ನಿಜಕ್ಕೂ ಇಳಿಯಲು ಹೊರಟ. ನಸುಕಿನಲ್ಲಿ ಕಾಲೇಜು ಮೈದಾನದ ಆರು ಸುತ್ತು ಹಾಕಿ, ಬರುವಾಗ ಮಿರ್ಚಿ ಬಂಡಿಯ ಮುಂದೆ ಏಳನೆಯ ಸುತ್ತಿಗೆ ನಿಲ್ಲುತ್ತಿದ್ದ. ರಾತ್ರಿ ಊಟ ಬಿಟ್ಟ, ಸಂಜೆಯ ಊಟ ಶುರು ಮಾಡಿದ. ಹೆಂಡತಿ ಶಿವಲೀಲಾ ಒಂದೇ ಮಾತು ಕೇಳಿದಳು: "ಎಂಬತ್ತೊಂಬತ್ತು ಆಗಿದ್ರ ಮಂಚ ಯಾಕ ಹಂಗ ಅಳತೈತಿ?"

ಮೂರು ತಿಂಗಳಿಗೆ ಗೂಗಿ ಗುಡ್ಡ ಹತ್ತುವ ರವಿವಾರ ಬಂತು. ತಾಹೇರನೂ ಸೇರಿ ಒಂಬತ್ತು ಜನ ಹೊರಟರು. ಶಾಂತಕ್ಕ ಒಬ್ಬೊಬ್ಬರ ಚೀಲ ಬಿಚ್ಚಿಸಿ ನೋಡಿದಳು: ಹಗ್ಗ, ನೀರು, ಬ್ಯಾಂಡೇಜು, ಓಆರ್‌ಎಸ್ ಪುಡಿ, ಟಾರ್ಚು. ಪ್ರಭುರಾಜನ ಚೀಲದಲ್ಲಿ ಶೇಂಗಾ ಹೋಳಿಗೆಯ ಡಬ್ಬಿ ಸಿಕ್ಕಿತು.

"ಇದು ಯಾವ ಅಪಘಾತಕ್ಕೋ ಪ್ರಭುರಾಜ?"

"ಸಕ್ಕರಿ ಇಳದವರಿಗೆ ಅಕ್ಕಾರ."

"ಯಾರಿಗೆ ಇಳೀತೈತಿ ಅಂತ ನಂಗ ಗೊತ್ತಿಲ್ಲೇನು" ಎಂದು ಅವಳು ಡಬ್ಬಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಭತ್ತದ ಗದ್ದೆ ದಾಟಿದೊಡನೆ ಗುಡ್ಡ. ಮರವಿಲ್ಲ, ಮಣ್ಣಿಲ್ಲ, ಯಾರೋ ದೈತ್ಯ ಮಗು ಆಡಿ ಬಿಟ್ಟುಹೋದ ಹಾಗೆ ಬಂಡೆಯ ಮೇಲೆ ಬಂಡೆ. ಪ್ರಭುರಾಜ ಸೀಟಿ ಊದುತ್ತ ಮುಂದೆ ನಡೆದ. ಊದಿದ ಉಸಿರೆಲ್ಲ ಮೊದಲ ಅರ್ಧ ತಾಸಿನಲ್ಲೇ ಖರ್ಚಾಗಿ, ಮುಂದೆ ಕೈಸನ್ನೆಯಲ್ಲೇ ನಾಯಕತ್ವ ನಡೆಸಿದ. ಅಂತೂ ತುದಿ ಮುಟ್ಟಿದಾಗ ಎಂಟು ಗಂಟೆ.

ತುದಿಯ ಬಂಡೆಯ ಮೇಲೆ ಯಂಕೇಶ ಕೂತು ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದ.

"ಬರ್ರಿ ಕ್ಯಾಪ್ಟನ್ರ, ಕುಂದರ್ರಿ. ಗುಡ್ಡಕ್ಕ ಯಾರ ಕಾಯ್ದೀನೂ ಇಲ್ಲಂತ, ನಾ ಒಬ್ಬನ ಬಂದೇನಿ" ಅಂದ. ಮೂರು ತಿಂಗಳಲ್ಲಿ ಅವನ ಗಲ್ಲ ಇಳಿದಿತ್ತು, ಅಂಗಿ ಸಡಿಲಾಗಿತ್ತು. "ಎಂಬತ್ತೈದು ಈಗ. ತೇರಗಡಿ ಆದ್ನೇನು?"

ಪ್ರಭುರಾಜನಿಗೆ ತುದಿಯ ಗಾಳಿಯೂ ಬಿಸಿಯಾಯಿತು. ಹತ್ತು ನಿಮಿಷ ಕೂತವನಲ್ಲ, "ಏಳ್ರಿ, ಬಿಸಲಾಗ್ತೈತಿ, ಇಳಿಯೂದು ಹೆಂಗಂತ ತೋರಸ್ತೇನಿ" ಎಂದು ಎದ್ದ. ಯಂಕೇಶ ನೋಡುತ್ತಿದ್ದಾನೆಂದು ಎದೆ ಮುಂದೆ ಮಾಡಿದ. ಎದೆ ಮುಂದಾದಾಗ ಕಾಲು ಕಾಣಲಿಲ್ಲ. ನಿಜ ಹೇಳಬೇಕೆಂದರೆ ಕಾಲು ಕಾಣದೆ ಅವನಿಗೆ ಎಂಟು ವರ್ಷವಾಗಿತ್ತು. "ಹೆಜ್ಜಿ ಅಡ್ಡ ಇಡಬೇಕು, ಹಿಂಗ" ಅನ್ನುವುದಕ್ಕೂ ಉರುಟು ಗರಸುಕಲ್ಲುಗಳ ಮೇಲೆ ಬೂಟು ಜಾರುವುದಕ್ಕೂ ಸರಿಹೋಯಿತು. ಧೊಪ್ಪನೆ ಕೂತ. ಬಲಗಾಲಿನ ಪಾದ ಒಳಗೆ ತಿರುಗಿತ್ತು.

ಶಾಂತಕ್ಕ ಬೂಟು ಬಿಚ್ಚಿ ಮುಟ್ಟಿ ನೋಡಿದಳು. ಆಗಲೇ ಬದನೆಕಾಯಿಯಷ್ಟು ಬಾತಿತ್ತು. ಎರಡು ಕಡೆ ತನ್ನ ಚೀಲದ ಕಟ್ಟಿಗೆ ಪಟ್ಟಿ ಇಟ್ಟು ಬಿಗಿದು ಕಟ್ಟಿದಳು. "ಮುರದೈತೋ ಉಳುಕೈತೋ ಫೋಟೋ ತೆಗದ್ರ ಗೊತ್ತಾಗ್ತೈತಿ. ಈ ಕಾಲ ನೆಲಕ್ಕ ಹಚ್ಚಬಾರ್ದು. ಸ್ಟ್ರೆಚರ್ ಬಿಚ್ರಿ."

ಪ್ರಭುರಾಜನಿಗೆ ಕಾಲಿನ ನೋವು ಮರೆತೇಹೋಯಿತು. "ಸ್ಟ್ರೆಚರ್ ಬ್ಯಾಡ. ನಾ ಕುಂಟಿಕೋತ ಬರ್ತೇನಿ."

"ಸುಮ್ನಿರು."

"ಹಂಗಲ್ಲ ಅಕ್ಕಾರ. ಕ್ಯಾಪ್ಟನ್ನ ಮಲಗಿದ್ರ ಬಳಗದ ಧೈರ್ಯ ಹೋಗ್ತೈತಿ. ಆಮ್ಯಾಲ ಇದು ರುದ್ರೇಶ ಮಾಸ್ತರರ ಜಾಗಾ, ಅವರಿಗೆ ಬ್ಯಾಸರಾಗ್ತೈತಿ. ಆಮ್ಯಾಲ ನನಗ ಗೋಣಿಚೀಲದ ಧೂಳು ಆಗಂಗಿಲ್ಲ."

"ಇಪ್ಪತ್ತು ವರ್ಷ ಗಂಜಿನಾಗ ಕುಂತಾವಗ ಧೂಳು ಆಗಂಗಿಲ್ಲಂತ" ಅಂದಳು ಶಾಂತಕ್ಕ. "ಹಲಗಿ ಮ್ಯಾಲ ಎಂಬತ್ತೊಂಬತ್ತು ಐತಿ. ನಾಕು ಮಂದಿ ಸಾಕು. ಮಲಗು."

ತಾಹೇರ ಆಕಾಶ ನೋಡಿದ. ಅಲ್ಲಿ ಒಂದು ಹದ್ದು ಸುತ್ತು ಹೊಡೆಯುತ್ತಿತ್ತು. ಅದಕ್ಕೂ ಇದು ದೊಡ್ಡ ಮಾಲು ಎನಿಸಿರಬೇಕು.

ಪ್ರಭುರಾಜ ಮಲಗಿದ. ತಲೆಯ ಕಡೆ ಇಬ್ಬರು, ಕಾಲಿನ ಕಡೆ ತಾಹೇರ ಮತ್ತು ರುದ್ರೇಶ. ಇಳಿಯುವಾಗ ಭಾರವೆಲ್ಲ ಕೆಳಗಿನವರ ಮೇಲೇ ಎಂದು ಶಾಂತಕ್ಕ ಎಚ್ಚರಿಸಿದರೂ ರುದ್ರೇಶ ಕೇಳಲಿಲ್ಲ. "ಒಂದು ವರ್ಷ ನನ್ನ ಹೊತ್ತೀರಿ, ಇವತ್ತ ಋಣ ತೀರಸ್ತೇನಿ" ಎಂದು ಕನ್ನಡಕ ಏರಿಸಿಕೊಂಡ.

ಎತ್ತಿದರು. ಬಿದಿರಿನ ಗಳ ಎಂಥದೋ ಹಳೆಯ ಬಾಗಿಲಿನ ದನಿಯಲ್ಲಿ ಗೊಣಗಿತು. ತಾಹೇರನ ಹೆಗಲು ಒಮ್ಮೆ ಕೆಳಗೆ ಹೋಗಿ ಮೇಲೆ ಬಂತು. ಮೂವತ್ತು ವರ್ಷ ಚೀಲ ಹೊತ್ತ ಹೆಗಲು ಅದು. ಕಾಟಾಕ್ಕೆ ಮುದ್ರೆ ಬೇಕು, ಅದಕ್ಕೆ ಬೇಡ.

ರುದ್ರೇಶ ಪ್ರಭುರಾಜನ ದನಿಯಲ್ಲಿ ಶುರುಮಾಡಿದ: "ಕಾಯ್ದಿ ಅಂದ್ರ ಕಾಯ್ದಿ. ಹೆಜ್ಜಿ ಅಡ್ಡ ಇಡ್ರಿ. ಚಹಾ ಆಮ್ಯಾಲ." ಹಿಂದಿದ್ದವರು ಕಿಸಕ್ಕೆಂದರು. ಹತ್ತು ಹೆಜ್ಜೆಗೆ ಅವನು ಕಂಡಕ್ಟರನಾದ. ಇಪ್ಪತ್ತು ಹೆಜ್ಜೆಗೆ ಪ್ರಿನ್ಸಿಪಾಲರಾದ, ಆದರೆ ಪ್ರಿನ್ಸಿಪಾಲರು ತುಸು ಏದುತ್ತಿದ್ದರು. ಆಮೇಲೆ ಯಾರ ದನಿಯೂ ಬರಲಿಲ್ಲ. ದಾರಿ ಬಂಡೆಯ ಇಳಿಜಾರಿಗೆ ತಿರುಗಿತ್ತು. ರುದ್ರೇಶನ ಬದಿಗೇ ಎರಡಾಳು ಆಳದ ಕೊರಕಲು, ತಳದಲ್ಲಿ ಪಾಪಾಸುಕಳ್ಳಿ.

"ಪ್ರಭಣ್ಣ" ಎಂದು ಯಾರೋ ಅಂದರು. ತೆಳ್ಳಗಿನ, ಸಣ್ಣ ದನಿ. ಯಾರದೆಂದು ಪ್ರಭುರಾಜನಿಗೆ ತಕ್ಷಣ ತಿಳಿಯಲಿಲ್ಲ. ಅದು ರುದ್ರೇಶನದೇ ದನಿ. ಇಡೀ ವರ್ಷದಲ್ಲಿ ಅದನ್ನು ಅವನು ಕೇಳಿಯೇ ಇರಲಿಲ್ಲ. "ಪ್ರಭಣ್ಣ, ನನ್ನ ಕೈ ಜಾರಾಕ ಹತ್ತೈತಿ. ಎಂಬತ್ತೊಂಬತ್ತು ಇಷ್ಟು ಇರ್ತೈತೇನು?"

ಪ್ರಭುರಾಜ ತಲೆಯೆತ್ತಿ ನೋಡಿದ. ರುದ್ರೇಶನ ಮೊಣಕಾಲುಗಳು ಹೊಲಿಗೆ ಯಂತ್ರದ ಹಾಗೆ ಕುಣಿಯುತ್ತಿದ್ದವು. ತಾಹೇರ ಇವನ ಕಣ್ಣನ್ನೇ ನೋಡುತ್ತಿದ್ದ. ಹಿಂದಿನ ಬಂಡೆಯ ಮೇಲೆ ಸೊಂಟಕ್ಕೆ ಕೈಕೊಟ್ಟು ಯಂಕೇಶ ನಿಂತಿದ್ದ. ಒಂದು ಕಡೆ ಆ ಮುಖ, ಇನ್ನೊಂದು ಕಡೆ ಆ ಮೊಣಕಾಲು. ಇಷ್ಟು ಕಷ್ಟದ ತೂಕ ಅವನು ಎಂದೂ ಹಾಕಿರಲಿಲ್ಲ.

"ಇಳಸ್ರಿ" ಅಂದ. "ಇಲ್ಲೇ ಇಳಸ್ರಿ. ಎಂಬತ್ತೊಂಬತ್ತಲ್ಲ. ನೂರಾ ನಾಕು."

ಇಳಿಸಿದರು. ರುದ್ರೇಶ ಕೂತಲ್ಲೇ ಕೂತು ಕೈ ಕೊಡವಿದ.

"ನೂರಾ ಆರು" ಅಂದ ತಾಹೇರ, ಹೆಗಲು ತಿಕ್ಕುತ್ತ. "ನೂರಾ ನಾಕು ಮೂರು ತಿಂಗಳ ಹಿಂದಿನ ಮಾಲ್ರೀ."

"ಮತ್ತ ಹಲಗಿ ಮ್ಯಾಲಿನ ಹದಿನೈದು ಕೆಜಿ ಎಲ್ಲಿ ಹೋಗಿತ್ತೋ?" ಅಂದಳು ಶಾಂತಕ್ಕ.

ತಾಹೇರ ಬೆರಳು ಮಡಚಿದ. "ಚೀಲ ಮೂರು, ಕಸಾ ಎರಡು, ತೇವಾಂಶ ಹತ್ತು."

ಯಂಕೇಶ ನಕ್ಕ. ಸಣ್ಣದಾಗಿ ಶುರುವಾದ ನಗು ಅವನನ್ನೇ ಮೀರಿ, ಬಂಡೆ ಹಿಡಿದುಕೊಂಡು ಕೂತು, ಕಣ್ಣೊರೆಸಿಕೊಂಡು, "ಕಸಾ ಯಾವ್ದಂತ?" ಎಂದು ಕೇಳಿ, "ಕೂದಲಾ ಅಂತ್ರೀ" ಎಂಬ ತಾಹೇರನ ಉತ್ತರಕ್ಕೆ ಮತ್ತೆ ಬಿದ್ದುಬಿದ್ದು ನಕ್ಕ. ಪ್ರಭುರಾಜ ಕಣ್ಣು ಮುಚ್ಚಿ ಮಲಗಿದ್ದ. ಬಿಸಿಲು ಸುಮ್ಮನೆ ಅವನ ವಿಭೂತಿಯ ಮೇಲೆ ಬಿದ್ದಿತ್ತು.

ನಗು ಮುಗಿಸಿ ಯಂಕೇಶ ಇಳಿದು ಬಂದು ತೋಳು ಮಡಚಿದ. "ಏಳ್ರಿ ಮಾಸ್ತರ, ಆ ಮೂಲಿ ನನಗ ಬಿಡ್ರಿ. ನಮ್ಮ ಎದುರಂಗಡಿ ಮಾಲು, ಅದರ ಭಾರ ನನಗ ಗೊತ್ತೈತಿ." ಬಿದಿರಿಗೆ ಕೈ ಹಚ್ಚುತ್ತ ಪ್ರಭುರಾಜನ ಕಿವಿಯ ಹತ್ತಿರ ಬಾಗಿದ. "ನಂದು ಒಂದೂವರಿ ಕೆಜಿ ಹೆಚ್ಚಾದಾಗ ತೇವಾಂಶ ಕಳೀಲಿಲ್ಲಲ್ರೀ ಸಾವ್ಕಾರ್ರ."

ಪ್ರಭುರಾಜ ಒಂದು ಕಣ್ಣು ತೆರೆದ. "ತಪ್ಪಾತೋ ಯಂಕೇಶ" ಅಂದ. ಇಪ್ಪತ್ತು ವರ್ಷದಲ್ಲಿ ರಸ್ತೆ ದಾಟಿದ ಮೊದಲ ಮೆತ್ತಗಿನ ಮಾತು ಅದು.

ನೂರಾ ಆರಕ್ಕೆ ಆರು ಮಂದಿ ಎಂದು ಶಾಂತಕ್ಕ ಲೆಕ್ಕ ಬದಲಿಸಿದಳು, ಕೊರಕಲು ಬಿಟ್ಟು ಆಚೆ ಕಡೆಯ ನುಣುಪು ಬಂಡೆಯ ದಾರಿ ಹಿಡಿಸಿದಳು. ಅಲ್ಲಿ ತಾಹೇರ ತಡೆದ. "ಲಾರಿ ಮ್ಯಾಲಿಂದ ಚೀಲ ಯಾರರ ಹೊತ್ತು ಇಳಸ್ತಾರೇನ್ರೀ? ಹಲಗಿ ಹಚ್ಚಿ ಜಾರಸ್ತಾರ." ಮಡಚಿದ ಗೋಣಿಚೀಲದ ಮೇಲೆ ಕ್ಯಾಪ್ಟನ್‌ನನ್ನು ಕೂಡಿಸಿ, ಎದೆಗೆ ಹಗ್ಗ ಸುತ್ತಿ, ಮೇಲಿನ ಗುಂಡುಕಲ್ಲಿಗೆ ಒಂದು ಸುತ್ತು ಹಾಕಿ ಆರು ಜನ ಹಿಡಿದರು. ಕಟ್ಟಿದ ಕಾಲನ್ನು ಶಾಂತಕ್ಕ ಎತ್ತಿ ಹಿಡಿದು ಪಕ್ಕದಲ್ಲೇ ಇಳಿದಳು. "ಬಿಡ್ರಿ, ಬಿಡ್ರಿ, ಹಿಡೀರಿ" ಎಂದು ತಾಹೇರ ರಾಗ ಹಚ್ಚಿದ. ನಲವತ್ತು ಅಡಿಯ ಬಂಡೆಯನ್ನು ಪ್ರಭುರಾಜ ಪ್ರಾಥಮಿಕ ಶಾಲೆಯ ಜಾರುಬಂಡಿಯಲ್ಲಿ ಇಳಿದ ಹಾಗೆ ಇಳಿದ. ಕೆಳಗೆ ಮುಟ್ಟಿದಾಗ ಪ್ಯಾಂಟಿನ ಹಿಂಭಾಗ ಗುಡ್ಡಕ್ಕೆ ಕಾಣಿಕೆಯಾಗಿತ್ತು.

"ಚೀಲ ಹರದೈತಿ" ಎಂದು ತಾಹೇರ ಮೇಲೆ ಕೂಗಿ ಹೇಳಿದ. "ಮಾಲು ಬರೋಬ್ಬರಿ ಐತಿ."

ಕಾಲು ಮುರಿದಿರಲಿಲ್ಲ, ಉಳುಕಿತ್ತು. ಒಂದು ತಿಂಗಳು ಮಂಚ. ಅಷ್ಟರಲ್ಲಿ ಯಂಕೇಶ ಆ ಕಥೆಯನ್ನು ಗಂಜಿನಲ್ಲಿ ನಲವತ್ತು ಸಲ ಹೇಳಿದ್ದ. ಪ್ರಭುರಾಜನ ದನಿ ಸರಿಯಾಗಿ ಬರಲೆಂದು ರುದ್ರೇಶನ ಹತ್ತಿರ ಪಾಠ ಹೇಳಿಸಿಕೊಂಡಿದ್ದನಂತೆ. ಭತ್ತ ತಂದ ರೈತರೂ ಈಗ ಕಾಟಾದ ಮುಂದೆ ನಿಂತು, "ತೇವಾಂಶ ಕಳೀರಿ ಸಾವ್ಕಾರ್ರ, ಆದ್ರ ನಿಮ್ಮ ಮೈಯಾಗಿಂದಷ್ಟು ಬ್ಯಾಡ್ರಿ" ಅನ್ನುತ್ತಿದ್ದರು. ತಾಹೇರ ಈಗ ಕಾಟಾ ತೋರಿಸಿದ್ದನ್ನೇ ಓದುತ್ತಾನೆ. ಪ್ರಭುರಾಜನ ಕೈ ಮೊದಲಿನಷ್ಟು ಧಾರಾಳವಾಗಿ ಕಳೆಯುವುದಿಲ್ಲ.

ಹಲಗೆಯ ಮೇಲಿನ ಕಾಯ್ದೆಯನ್ನು ಅವನೇ ಅಳಿಸಿದ. ಸೀಟಿ ಶಾಂತಕ್ಕನ ಕೊರಳಿಗೆ ಹೋಯಿತು. ಅವಳು ಹೊಸದೊಂದು ಬರೆದಳು: ಯಾರು ಎಲ್ಲರಿಗಿಂತ ಭಾರವೋ ಅವರೇ ರವಿವಾರದ ರೋಗಿ. "ಹಗುರಾದವರನ್ನ ಎತ್ತಿ ಎತ್ತಿ ನಮಗ ಸೊಕ್ಕು ಬಂದಿತ್ತು" ಎಂದು ವಿವರಣೆ ಕೊಟ್ಟಳು.

ಹಾಗಾಗಿ ಪ್ರತಿ ರವಿವಾರ ಕಾಲೇಜು ಮೈದಾನದಲ್ಲಿ ಪ್ರಭುರಾಜ ಗೋಣಿಚೀಲದ ಮೇಲೆ ಮಲಗುತ್ತಾನೆ. ಆರು ಮಂದಿ ಎತ್ತುತ್ತಾರೆ, ಅವರಲ್ಲಿ ಯಂಕೇಶ ಒಬ್ಬ. ರುದ್ರೇಶ ಪಕ್ಕದಲ್ಲಿ ನಡೆಯುತ್ತ ರೋಗಿಯ ಪರವಾಗಿ ನರಳುತ್ತಾನೆ. ಮೊನ್ನೆ ಹಾಗೆ ಎತ್ತಿದಾಗ ತಾಹೇರ ನಾಲ್ಕು ಹೆಜ್ಜೆ ಇಟ್ಟವನು ನಿಂತ, ಹೆಗಲನ್ನು ಒಮ್ಮೆ ಮೇಲೆ ಕೆಳಗೆ ಆಡಿಸಿದ.

"ಸಾವ್ಕಾರ್ರ, ಒಂದೂವರಿ ಕೆಜಿ ಇಳದೀರಿ."

ಪ್ರಭುರಾಜ ಮಲಗಿದಲ್ಲಿಂದಲೇ ಗೋಣೆತ್ತಿದ. "ಕಳದು ಹೇಳಾಕ ಹತ್ತೀಯೋ, ಏನೂ ಕಳೀದ?"

"ಕಳೀದರೀ" ಅಂದ ತಾಹೇರ. "ಚೀಲಾ ಸಹಿತ."